ಕೆರ್ಗಾ ಚರ್ಚಿನ ಆಕಾಶ

ಏಪ್ರಿಲ್ ಹದಿನಾಲ್ಕರ ಬೆಳಿಗ್ಗೆ ಠಾಣೆಯ ಫೋನು ಬಡಿದುಕೊಂಡಾಗ ಇನ್ಸ್‌ಪೆಕ್ಟರ್ ಅರ್ಕಾದಿ ನಿಫೊಂತೊವಿಚ್ ಪೊರೋಖಿನ್ ಬರಿಗಾಲಲ್ಲಿ ಕೂತಿದ್ದ. ಬೂಟುಗಳು ಒಲೆಯ ಪಕ್ಕದಲ್ಲಿ ಒಣಗುತ್ತಿದ್ದವು. ಕಾನ್‌ಸ್ಟೇಬಲ್ ಶೂಬಿನ್ ಫೋನೆತ್ತಿ, ಎರಡು ಸಲ "ಏನಂದ್ರಿ?" ಎಂದು ಕೇಳಿ, ರಿಸೀವರಿಗೆ ಕೈ ಅಡ್ಡ ಹಿಡಿದ.

"ಸಾರ್, ಯಾರೋ ಬೆಳ್‌ಬೆಳಿಗ್ಗೇನೇ ಏರಿಸ್ಕೊಂಡು ಕೂತಿದ್ದಾನೆ. ಆಕಾಶ ಕಳುವಾಗಿದೆಯಂತೆ."

"ಯಾವ ಊರಿಂದ?"

"ಕೆರ್ಗಾ."

"ಕೊಡು ಇಲ್ಲಿ," ಎಂದ ಪೊರೋಖಿನ್. ಅವನ ಮುಖದಲ್ಲಿ ನಗು ಇರಲಿಲ್ಲ.

ಶೂಬಿನ್ ಅರ್ಖಾಂಗೆಲ್ಸ್ಕ್ ಪೇಟೆಯವನು, ಅವನಿಗೆ ಹೇಗೆ ಗೊತ್ತಾಗಬೇಕು? ಪೊರೋಖಿನ್‌ನ ಹಾಗೆ ಲೋಮಾ ನದಿಯ ದಂಡೆಯಲ್ಲಿ ಹುಟ್ಟಿದವರು ಮರದ ಚರ್ಚಿನ ಒಳಗಿನ ಚಿತ್ರದ ಚಾವಣಿಯನ್ನು ಆಕಾಶ ಎಂದೇ ಕರೆಯುವುದು. ಫೋನಿನ ಆ ತುದಿಯಲ್ಲಿದ್ದವನು ರೆಮೆಜೊವ್, ಪ್ರಾಂತ್ಯದ ಸ್ಮಾರಕ ಇಲಾಖೆಯವನು. ಕೆರ್ಗಾ ಚರ್ಚಿನ ಮಾಡು ಸೋರುತ್ತಿದೆ, ಬಣ್ಣ ಉದುರುತ್ತಿದೆ, ಆದ್ದರಿಂದ ಆಕಾಶವನ್ನು ಬಿಚ್ಚಿ ಪೇಟೆಗೆ ಸಾಗಿಸಬೇಕು ಎಂದು ಇಲಾಖೆ ತೀರ್ಮಾನಿಸಿತ್ತು. ನದಿಯ ಮಂಜುಗಡ್ಡೆ ಒಡೆದು ಹರಿದುಹೋದ ಮೇಲೆ ದೋಣಿ ಬರುವುದಿತ್ತು. ಹಲಗೆಗಳಿಗೆ ನಂಬರು ಹಾಕಲು ರೆಮೆಜೊವ್ ಮುಂಚಿತವಾಗಿ ಬಂದು ಊರಲ್ಲಿ ತಂಗಿದ್ದ. ಶನಿವಾರ ಎಲ್ಲವೂ ಸರಿಯಿತ್ತು. ಸೋಮವಾರ ಬಾಗಿಲು ತೆರೆದು ತಲೆಯೆತ್ತಿದರೆ ಒಂದು ದೇವದೂತನ ಹಲಗೆ ಮಾಯ. ಅದರ ಜಾಗದಲ್ಲಿ ಬೋಳು ಹಲಗೆಯೊಂದು ಕೂತಿದೆ.

ಎಫ್‌ಐಆರ್ ದಾಖಲಾಯಿತು: ರಕ್ಷಿತ ಸ್ಮಾರಕದಿಂದ ವಿಶೇಷ ಮೌಲ್ಯದ ವಸ್ತುವಿನ ಕಳವು. ಆ ಕಲಮಿನಡಿ ಸಿಕ್ಕಿಬಿದ್ದವನು ವರ್ಷಗಟ್ಟಲೆ ಜೈಲು ನೋಡಬೇಕಾಗುತ್ತದೆ. ಬರೆಯುವಾಗ ಪೊರೋಖಿನ್‌ಗೆ ಅದೊಂದು ಮಾಮೂಲಿ ಸಾಲು, ಅಷ್ಟೇ.

ಮಧ್ಯಾಹ್ನ ಇಬ್ಬರೂ ಜೀಪನ್ನು ಈಚೆ ದಡದಲ್ಲೇ ಬಿಟ್ಟು, ಮುಂದೆ ಕೋಲಿನಿಂದ ತಟ್ಟಿ ನೋಡುತ್ತ, ಮಂಜುಗಡ್ಡೆಯ ಮೇಲೆ ನದಿ ದಾಟಿದರು. ಅರ್ಧ ದಾರಿಯಲ್ಲಿ ಶೂಬಿನ್‌ನ ಒಂದು ಕಾಲು ಮೊಣಕಾಲವರೆಗೆ ಇಳಿಯಿತು. ಅವನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಅವರು ಆಚೆ ದಡ ಹತ್ತಿ ತಿರುಗಿ ನೋಡುವಷ್ಟರಲ್ಲಿ ಗಡ್ಡೆಯ ಮೇಲೆ ನೀರು ನಿಂತು, ಬಂದ ದಾರಿ ಕಪ್ಪಾಗಿತ್ತು.

"ವಾಪಸ್ ಹೋಗೋದು ಹೇಗೆ ಸಾರ್?"

"ಗಡ್ಡೆ ಒಡೆದು ನದಿ ಬಿಟ್ಟ ಮೇಲೆ ದೋಣಿಯಲ್ಲಿ. ಎರಡು ವಾರ, ಮೂರು ವಾರ. ಅದು ನದಿಗೆ ಬಿಟ್ಟದ್ದು."

"ಅಂದ್ರೆ ಸಿಕ್ಕಿಹಾಕ್ಕೊಂಡ್ವಾ?"

"ನಾವಷ್ಟೇ ಅಲ್ಲಪ್ಪ, ಕಳ್ಳನೂ," ಎಂದ ಪೊರೋಖಿನ್. ಆ ಹೊತ್ತಿಗೆ ಅದು ಅವನಿಗೆ ಒಳ್ಳೆಯ ಸುದ್ದಿಯಾಗಿಯೇ ಕಂಡಿತ್ತು.

ಚರ್ಚು ಊರಿನಾಚೆ, ನದಿಯ ಏರಿಯ ಮೇಲೆ ಒಂಟಿಯಾಗಿ ನಿಂತಿತ್ತು. ದಪ್ಪ ದಿಮ್ಮಿಗಳ ಗೋಡೆ, ಮೇಲೆ ಡೇರೆಯ ಹಾಗೆ ಚೂಪಾಗಿ ಏರಿದ ಗೋಪುರ, ತುದಿಯಲ್ಲಿ ಪುಟ್ಟ ಗುಮ್ಮಟ. ಕೀಲಿ ಇಟ್ಟುಕೊಂಡಿದ್ದ ಅಜ್ಜಿ ಲುಕೇರ್ಯಾ ಬಾಗಿಲಲ್ಲೇ ಕಾದಿದ್ದಳು. ಬೀಗ ಗಟ್ಟಿಯಾಗಿಯೇ ಇತ್ತು. ಆದರೆ ಬಾಗಿಲ ಮರ ಲಡ್ಡಾಗಿದ್ದರಿಂದ ಕೊಂಡಿ ಬೇರುಸಹಿತ ಕಿತ್ತುಬಂದಿತ್ತು.

ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು ಪಂಚನಾಮೆ ಶುರುವಾಯಿತು. ಚಾವಣಿಯ ನಡುವೆ ಒಂದು ಮರದ ಉಂಗುರ, ಅದರಲ್ಲಿ ಪ್ರಭುವಿನ ಮುಖ. ಸುತ್ತ ಹದಿನಾರು ಹಲಗೆಗಳು, ಒಂದೊಂದರಲ್ಲೂ ಒಬ್ಬ ದೇವದೂತ. ಉಂಗುರದ ಕಡೆ ಕಿರಿದು, ಗೋಡೆಯ ಕಡೆ ಅಗಲ. ಒಂದು ಮೊಳೆಯೂ ಇಲ್ಲ. ಉಂಗುರ ಹಲಗೆಗಳನ್ನು ಹಿಡಿದಿದೆ, ಹಲಗೆಗಳು ಉಂಗುರವನ್ನು ಹಿಡಿದಿವೆ. ಒಂದನ್ನು ತೆಗೆದು ಜಾಗ ಖಾಲಿ ಬಿಟ್ಟರೆ ಉಳಿದದ್ದೂ ಜಾರಿ ತಲೆಯ ಮೇಲೆ ಬೀಳುತ್ತದೆ.

"ಕಳ್ಳನಿಗೆ ಅದೆಲ್ಲ ಯಾಕೆ ಬೇಕಿತ್ತು? ಬಿದ್ದರೆ ಬೀಳಲಿ ಅಂತ ಎತ್ತಿಕೊಂಡು ಓಡಬಹುದಿತ್ತಲ್ಲ," ಎಂದ ಶೂಬಿನ್.

ಪೊರೋಖಿನ್ ಏಣಿ ಹತ್ತಿ ಆ ಬೋಳು ಹಲಗೆಯನ್ನು ಮುಟ್ಟಿ ನೋಡಿದ. ಹಳೆಯ ಪೈನ್ ಮರ. ಚೆನ್ನಾಗಿ ಒಣಗಿದ್ದು, ನುಣುಪಾಗಿ ಹತರಿ ಹೊಡೆದದ್ದು. ಒಂದು ಮೈ ಮೇಲೆ ವರ್ಷಗಳ ದೂಳು. ಒಂದು ತುದಿ ಅಗಲ, ಇನ್ನೊಂದು ಕಿರಿದು, ಈ ಜಾಗಕ್ಕೆಂದೇ ಕೊಯ್ದ ಹಾಗೆ. ಆದರೆ ಕೊಯ್ದ ಅಂಚುಗಳು ಹೊಸದಲ್ಲ. ಅವನ್ನೂ ದೂಳು ಮೆತ್ತಿತ್ತು. ಇಂಥ ಹಲಗೆಯನ್ನು ಎಲ್ಲೋ ನೋಡಿದ್ದೇನೆ ಎಂದು ಅವನಿಗೆ ಅನಿಸಿತು. ಎಲ್ಲಿ ಎಂಬುದು ಮಾತ್ರ ಏನು ಮಾಡಿದರೂ ನೆನಪಿಗೆ ಬರಲಿಲ್ಲ.

ರೆಮೆಜೊವ್ ಕೆಳಗೆ ಒಂದು ಕಾಲು ಎಳೆಯುತ್ತ ಓಡಾಡುತ್ತಿದ್ದ. ಸಣಕಲು ಮನುಷ್ಯ. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು.

"ಯಾರ ಮೇಲೆ ಅನುಮಾನ?"

"ಪುರಾತನ ವಸ್ತು ಮಾರೋ ದಳ್ಳಾಳಿಗಳ ಮೇಲೆ. ಪೇಟೆಯವರು. ಹಿಮದ ಗಾಡಿಯಲ್ಲಿ ಬಂದು ಹೊತ್ಕೊಂಡು ಹೋಗಿದ್ದಾರೆ."

"ಕಾಲಿಗೆ ಏನಾಯ್ತು?"

"ಅಯ್ಯೋ, ಅದಾ? ಇವತ್ತು ಬೆಳಿಗ್ಗೆ ಬಾಗಿಲು ಎಳೆದೆ ನೋಡಿ, ಇಷ್ಟುದ್ದದ ಕೋಲು ದಢಾರಂತ ಹೆಬ್ಬೆರಳ ಮೇಲೇ ಬಿತ್ತು. ಯಾವ ಪುಣ್ಯಾತ್ಮ ಬಾಗಿಲಿಗೆ ಒರಗಿಸಿ ಇಟ್ಟಿದ್ದನೋ!"

ಪೊರೋಖಿನ್ ಬರೆಯುವುದನ್ನು ನಿಲ್ಲಿಸಿದ. "ಹೊರಗಡೆಯಿಂದ ಒರಗಿಸಿತ್ತಾ?"

"ಹೊರಗಡೆಯಿಂದಲೇ. ಅಡ್ಡಡ್ಡ. ಯಾಕೆ?"

ಪಂಚರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲುಕೇರ್ಯಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಶೂಬಿನ್‌ಗೆ ತಲೆಬುಡ ಅರ್ಥವಾಗಲಿಲ್ಲ. ಹೊರಗೆ ಬಂದ ಮೇಲೆ ಪೊರೋಖಿನ್ ಅವನಿಗೆ ಬಿಡಿಸಿ ಹೇಳಿದ.

"ಈ ಕಡೆ ಹಳ್ಳಿಗಳಲ್ಲಿ ಯಾರೂ ಮನೆಗೆ ಬೀಗ ಹಾಕಲ್ಲ. ಹೊರಗೆ ಹೋಗುವಾಗ ಬಾಗಿಲಿಗೆ ಒಂದು ಕೋಲು ಒರಗಿಸ್ತಾರೆ. ಕೋಲು ಇದ್ದರೆ ಒಳಗೆ ಯಾರೂ ಇಲ್ಲ ಅಂತ. ಆಮೇಲೆ ಆ ಮನೆಗೆ ಯಾರೂ ಕಾಲಿಡಲ್ಲ. ನಮ್ಮಮ್ಮ ಬಾವಿಗೆ ಹೋಗುವಾಗಲೂ ಇಡ್ತಿದ್ದಳು."

"ಅದಕ್ಕೆ?"

"ಕಳ್ಳ ಕೊಂಡಿ ಕಿತ್ತ. ಹೊರಡುವಾಗ ಬೀಗ ಹಾಕೋಕೆ ಆಗಲ್ಲ. ಬಾಗಿಲನ್ನ ಹಾಗೇ ಬಿಟ್ಟು ಬರೋಕೂ ಕೈ ಬರಲಿಲ್ಲ. ಕೋಲು ಒರಗಿಸಿದ. ದಳ್ಳಾಳಿ ಆ ಕೆಲಸ ಮಾಡ್ತಾನಾ? ಶೂಬಿನ್, ಕಳ್ಳ ಈ ಊರವನೇ."

ಹೇಳಿ ಮುಗಿಸಿದ ಮೇಲೆ ಅವನಿಗೇ ಖುಷಿಯಾಗಲಿಲ್ಲ. ಹತ್ತು ಹನ್ನೆರಡು ಮನೆಗಳಲ್ಲಿ ಮಾತ್ರ ಒಲೆ ಉರಿಯುವ ಊರು ಅದು. ಭಾನುವಾರ ಸತ್ತವನೊಬ್ಬನ ನಲವತ್ತನೇ ದಿನದ ಊಟಕ್ಕೆ ಊರಿಗೆ ಊರೇ ಒಂದು ಮನೆಯಲ್ಲಿ ಸೇರಿತ್ತು. ಏರಿಯ ಕಡೆ ಯಾರೂ ತಲೆ ಹಾಕಿರಲಿಲ್ಲ. ಕಳವು ಆಗಿದ್ದು ಆಗಲೇ ಇರಬೇಕು.

ಇಬ್ಬರಿಗೂ ಫಾಯಿನಾ ಸವೆಲ್ಯೆವ್ನಾಳ ಮನೆಯ ಮೇಲಿನ ಕೋಣೆ ಸಿಕ್ಕಿತು. ಐವತ್ತು ದಾಟಿದ, ಅಗಲ ಭುಜದ, ಕಡಿಮೆ ಮಾತಿನ ಹೆಂಗಸು. ಕೆಳಗೆ ಒಲೆಯ ಹಿಂದೆ ಒಂದು ಸಣ್ಣ ಕೋಣೆಯಿತ್ತು. ಅದರ ಬಾಗಿಲು ಯಾವಾಗಲೂ ಮುಚ್ಚಿರುತ್ತಿತ್ತು.

"ಒಳಗೆ ನನ್ನ ಗಂಡ ಲಾವ್ರ್ ಮಲಗಿದ್ದಾನೆ. ಬೆನ್ನು ಮುರಿದಿದೆ. ಬೇರೆಯವರು ನೋಡೋದು ಅವನಿಗೆ ಹಿಡಿಸಲ್ಲ. ಬೇಜಾರು ಮಾಡ್ಕೋಬೇಡಿ," ಎಂದಳು ಮೊದಲ ದಿನವೇ.

ಪೊರೋಖಿನ್ ಬೇಜಾರು ಮಾಡಿಕೊಳ್ಳಲಿಲ್ಲ. ಅನಾರೋಗ್ಯದ ಮನೆಯಲ್ಲಿ ಇಣುಕಿ ನೋಡುವ ಜಾಯಮಾನ ಅವನದಲ್ಲ. ಪೊಲೀಸಿನವನಿಗೆ ಅದು ಒಳ್ಳೆಯ ಗುಣವಲ್ಲ ಎಂದು ಅವನಿಗೆ ಆಮೇಲೆ ಅನಿಸಿತು.

ಆ ವಾರ ಹುಡುಕಾಟ ನಡೆಯಿತು. ಹುಲ್ಲಿನ ಕೊಟ್ಟಿಗೆ, ಸ್ನಾನದ ಮನೆ, ದೋಣಿಯ ಶೆಡ್ಡು, ಸೌದೆಯ ರಾಶಿ. ಒಂದು ಆಳುದ್ದದ ಹಲಗೆ ಎಲ್ಲಿ ಅಡಗೀತು? ಎಲ್ಲೂ ಇರಲಿಲ್ಲ. ಅಂಗಡಿಯಲ್ಲಿ ಹಿಟ್ಟು ಮುಗಿಯಿತು, ಆಮೇಲೆ ಸಿಗರೇಟು ಮುಗಿಯಿತು, ಶೂಬಿನ್‌ನ ಮುಖ ನೋಡುವ ಹಾಗಿರಲಿಲ್ಲ. ಗಾಳಿಗೆ ಟವರು ಕೆಟ್ಟು ಫೋನೂ ಸತ್ತಿತು. ಬೆಳಗಿನಿಂದ ಸಂಜೆಯವರೆಗೆ ಮಂಜು. ನದಿ ಒಳಗೊಳಗೇ ನರಳುತ್ತಿತ್ತು, ಒಡೆಯುತ್ತಿರಲಿಲ್ಲ. ಜನ ಮೊದಲು ಇನ್ಸ್‌ಪೆಕ್ಟರನ್ನು ಕಂಡರೆ ನಮಸ್ಕರಿಸುತ್ತಿದ್ದವರು ಈಗ ದಾರಿ ತಪ್ಪಿಸಿ ಹೋಗತೊಡಗಿದರು. ಒಂದು ಬೆಳಿಗ್ಗೆ ಒಬ್ಬರ ಮನೆಯ ಬಾಗಿಲಲ್ಲಿ ಕೋಲಿನ ಬದಲು ಬೀಗ ನೇತಾಡುತ್ತಿತ್ತು. ಕೆರ್ಗಾದಲ್ಲಿ ಮನೆಗೆ ಬೀಗ ಬಿದ್ದದ್ದು ಅದೇ ಮೊದಲು. ಪೊರೋಖಿನ್ ಆ ಬೀಗದ ಮುಂದೆ ನಿಂತ. ಇದನ್ನು ತಂದವನು ಕಳ್ಳನೋ ನಾನೋ ಎಂದುಕೊಂಡ.

ಲುಕೇರ್ಯಾಳ ಅಟ್ಟ ಹತ್ತಿದ್ದು ಶನಿವಾರ. ಅಜ್ಜಿ ಏಣಿಯ ಬುಡದಲ್ಲಿ ನಿಂತು, ಊರ ರೂಢಿಯಂತೆ ಅವನನ್ನು ಅಪ್ಪನ ಹೆಸರು ಹಿಡಿದು ಕರೆಯುತ್ತ, ಬೈಯುತ್ತಲೇ ಇದ್ದಳು.

"ಹತ್ತು ನಿಫೊಂತಿಚ್, ಹತ್ತು. ಮುದುಕಿ ಅಟ್ಟದಲ್ಲಿ ದೇವದೂತನ್ನ ಕೂಡಿಹಾಕಿದ್ದಾಳೆ, ಹಿಡ್ಕೊಂಡು ಹೋಗು! ಆ ಮೂಲೇಲಿರೋದು ನನ್ನ ಪೆಟ್ಟಿಗೆ. ಮುಟ್ಟೀಯ ಜೋಕೆ. ಕಣ್ಣಿನ ಹಾಗೆ ಕಾಪಾಡಿ ಇಟ್ಟಿದ್ದೀನಿ."

ಪೊರೋಖಿನ್ ಮೂಲೆಗೆ ಟಾರ್ಚು ಬಿಟ್ಟ. ಶವಪೆಟ್ಟಿಗೆಯ ಹಲಗೆಗಳು. ವಯಸ್ಸಾದವರು, ಕಾಯಿಲೆ ಬಿದ್ದವರು ತಮ್ಮ ಕೊನೆಯ ಪೆಟ್ಟಿಗೆಗೆ ತಾವೇ ಮರ ಕೊಯ್ಸಿ, ಹತರಿ ಹೊಡೆಸಿ, ಅಟ್ಟದ ಮೇಲೆ ಒಣಗಲು ಇಡುವುದು ಆ ನದಿಯ ರೂಢಿ. ಅವನ ಅಜ್ಜನ ಹಲಗೆಗಳ ಮೇಲೆ ಚಿಕ್ಕಂದಿನಲ್ಲಿ ಅವನೇ ಈರುಳ್ಳಿ ಒಣಗಿಸಿದ್ದುಂಟು. ಪಕ್ಕದ ಹಲಗೆ ಎರಡು, ಮುಚ್ಚಳ, ತಲೆಗೊಂದು, ಕಾಲಿಗೊಂದು. ಎಲ್ಲಕ್ಕಿಂತ ಅಡಿಯಲ್ಲಿ ತಳದ ಹಲಗೆ. ತಲೆಯ ಕಡೆ ಅಗಲ, ಕಾಲ ಕಡೆ ಕಿರಿದು. ಮೇಲ್ಮೈ ಮೇಲೆ ದೂಳು.

ಚರ್ಚಿನ ಬೋಳು ಹಲಗೆಯಂಥದ್ದನ್ನು ಮೊದಲು ನೋಡಿದ್ದು ಎಲ್ಲಿ ಎಂಬುದು ಅವನಿಗೆ ಈಗ ಗೊತ್ತಾಯಿತು.

"ಅಜ್ಜೀ, ಊರಲ್ಲಿ ಯಾರ್ಯಾರು ಪೆಟ್ಟಿಗೆ ಮಾಡಿಸಿಟ್ಟಿದ್ದಾರೆ?"

"ನಾನು. ಆ ಕೊನೆ ಮನೆ ದಂಪತಿ. ಮತ್ತೆ ಲಾವ್ರ್, ಪಾಪ. ಬಿದ್ದ ವರ್ಷವೇ ಹೇಳಿ ಮಾಡಿಸಿದ. ಅವನದು ಬೇಗ ಬೇಕಾಗುತ್ತೆ ಕಣಪ್ಪ. ಆಕಾಶ ಬಿಚ್ಚಿ ಒಯ್ತಾರೆ ಅಂತ ಸುದ್ದಿ ಬಂತು ನೋಡು, ಅವತ್ತಿಂದ ಊಟ ಬಿಟ್ಟ. ಗೋಡೆ ಕಡೆ ಮುಖ ಮಾಡಿದ. ಎರಡು ಚಮಚ ನೀರು, ಅಷ್ಟೇ. ಫಾಯಿನಾ ಸವೆಲ್ಯೆವ್ನಾ ಭಾನುವಾರ ಊಟಕ್ಕೆ ಬಂದಾಗ ಕಣ್ಣೆಲ್ಲ ಊದಿಕೊಂಡಿತ್ತು. ತಡವಾಗಿ ಬಂದಳು ಪಾಪ, ಅವನನ್ನ ಬಿಟ್ಟು ಬರೋಕಾಗದೆ. ನದಿ ಬಿಡೋವರೆಗೂ ಆ ಜೀವ ಉಳಿಯಲ್ಲ."

ಪೊರೋಖಿನ್ ಏಣಿಯ ನಡುವೆಯೇ ನಿಂತ.

"ಈಗಲೂ ಊಟ ಮಾಡ್ತಿಲ್ವಾ?"

"ಎಲ್ಲಿಂದ ಮಾಡ್ತಾನೆ!"

ಆದರೆ ಪೊರೋಖಿನ್ ಬಂದ ದಿನದಿಂದ ನೋಡುತ್ತಿದ್ದನಲ್ಲ. ಒಲೆಯ ಹಿಂದಿನ ಕೋಣೆಗೆ ಫಾಯಿನಾ ಬಟ್ಟಲು ತುಂಬ ಗಂಜಿ ಒಯ್ಯುತ್ತಿದ್ದಳು, ಒರೆಸಿದ ಹಾಗೆ ಖಾಲಿ ಬಟ್ಟಲು ವಾಪಸು ತರುತ್ತಿದ್ದಳು. ಮೀನು ತುಂಬಿದ ರೊಟ್ಟಿ ಹೋಗುತ್ತಿತ್ತು, ಬರೀ ಮುಳ್ಳು ಬರುತ್ತಿತ್ತು. ನಿನ್ನೆ ತಾನೇ ಒಳಗಿನಿಂದ ಗಂಡಸಿನ ದನಿ ಉಪ್ಪಿನಲ್ಲಿಟ್ಟ ಅಣಬೆ ಇನ್ನೂ ಇದೆಯಾ ಎಂದು ಕೇಳಿತ್ತು.

ಮೊದಲು ಕೊನೆಯ ಮನೆಯ ಅಟ್ಟ ನೋಡಿದ. ಎರಡು ಪೆಟ್ಟಿಗೆಗಳ ಹಲಗೆಗಳೂ ಪೂರ್ತಿ ಇದ್ದವು. ಯಾವುದಾದರೂ ಒಂದು ಕಡಿಮೆ ಇರಲಿ ದೇವರೇ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡಿದ್ದ. ಅಷ್ಟು ವರ್ಷದ ನೌಕರಿಯಲ್ಲಿ ಹಾಗೆ ಬೇಡಿಕೊಂಡದ್ದು ಅದೇ ಮೊದಲು.

ತಾನು ಉಳಿದುಕೊಂಡಿದ್ದ ಮನೆಗೆ ಅವನು ಪಂಚರನ್ನು ಕರೆದುಕೊಂಡು ಬಂದಾಗ ಫಾಯಿನಾ ಹಿಟ್ಟು ನಾದುತ್ತಿದ್ದಳು. ಪಂಚರನ್ನು ನೋಡಿ ಕೈ ತೊಳೆದುಕೊಂಡಳು. ಏನೂ ಕೇಳದೆ ತಾನೇ ಏಣಿ ತಂದು ನಿಲ್ಲಿಸಿದಳು. ಅಟ್ಟದ ಮೇಲೆ ಲಾವ್ರ್‌ನ ಪೆಟ್ಟಿಗೆ ಇತ್ತು. ಪಕ್ಕದ ಹಲಗೆ ಎರಡು, ಮುಚ್ಚಳ, ತಲೆಗೊಂದು, ಕಾಲಿಗೊಂದು. ತಳ ಇರಲಿಲ್ಲ. ನೆಲದ ಮೇಲಿನ ದೂಳಿನಲ್ಲಿ ಅದರ ಆಕಾರ ಮಾತ್ರ ಚೊಕ್ಕವಾಗಿ ಉಳಿದಿತ್ತು. ಒಂದು ಕಡೆ ಅಗಲ, ಒಂದು ಕಡೆ ಕಿರಿದು.

ಪೊರೋಖಿನ್ ಕೆಳಗಿಳಿದ.

"ಫಾಯಿನಾ ಸವೆಲ್ಯೆವ್ನಾ, ತಳದ ಹಲಗೆ ಎಲ್ಲಿ?"

"ನಿಮಗೇ ಗೊತ್ತಿದೆ."

"ನೀವೇ ಹೇಳಬೇಕು."

"ಚರ್ಚಿನಲ್ಲಿದೆ."

"ದೇವದೂತನ ಹಲಗೆ?"

ಅವಳು ಒಲೆಯ ಹಿಂದಿನ ಬಾಗಿಲ ಕಡೆ ನೋಡಿದಳು. "ನಿಧಾನ ಮಾತಾಡಿ, ಅವನು ಮಲಗಿದ್ದಾನೆ," ಎಂದಳು. ಅಷ್ಟರಲ್ಲಿ ಒಳಗಿನಿಂದಲೇ ಉತ್ತರ ಬಂತು.

"ಮಲಗದೆ ಇನ್ನೇನು, ಕುಣೀತೀನಾ? ಒಳಗೆ ಬಿಡೇ ಅವರನ್ನ."

ಕೋಣೆ ಎಷ್ಟು ಸಣ್ಣದೆಂದರೆ ಮಂಚ ಬಿಟ್ಟರೆ ಒಬ್ಬರು ನಿಲ್ಲಲಷ್ಟೇ ಜಾಗ. ಕಿಟಕಿ ತಲೆಯ ಹಿಂದೆ, ಮಲಗಿದವನ ಕಣ್ಣಿಗೆ ಬೀಳದ ಕಡೆ. ಲಾವ್ರ್ ಗಲ್ಲ ಒಳಸೇರಿದ, ಬಿಳಿ ಗಡ್ಡದ ಮನುಷ್ಯ. ಕುತ್ತಿಗೆಯಿಂದ ಕೆಳಗೆ ಅವನ ಮೈಯಲ್ಲಿ ಆಡುತ್ತಿದ್ದುದು ಬಲಗೈ ಮಾತ್ರ. ಅವನ ಮೇಲೆ, ಕೈಯೆತ್ತಿದರೆ ಸಿಗುವಷ್ಟು ಹತ್ತಿರ, ನೀಲಿ ಬಣ್ಣದ ದೇವದೂತ ತೂಗುತ್ತಿದ್ದ. ತಲೆಮಾರುಗಳ ತೊಟ್ಟಿಲು ಕಟ್ಟಿದ ಕಬ್ಬಿಣದ ಬಳೆಯೊಂದು ಚಾವಣಿಯಲ್ಲಿತ್ತು, ಫಾಯಿನಾ ಹಲಗೆಯನ್ನು ಅದಕ್ಕೆ ಹಗ್ಗದಿಂದ ಬಿಗಿದಿದ್ದಳು.

"ನಾನೇ ಕದ್ದದ್ದು. ಬರ್ಕೋ," ಎಂದ ಲಾವ್ರ್.

"ಹೇಗೆ ಕದ್ದೆ ಅಣ್ಣ?"

"ನಡ್ಕೊಂಡು ಹೋಗಿ. ಏನು ನಗ್ತೀಯ? ಮೊದಲು ನನ್ನ ಹೆಸರು ಬರಿ."

ಪೊರೋಖಿನ್ ನಗುತ್ತಿರಲಿಲ್ಲ. ಪಂಚನಾಮೆಗೆ ಹಲಗೆಯ ಚಿತ್ರದ ವಿವರ ಬರೆಯಬೇಕಿತ್ತು, ನಿಂತು ನೋಡಲು ಜಾಗವಿರಲಿಲ್ಲ. ಕೊನೆಗೆ ಅವನು ಟೋಪಿ ತೆಗೆದು, ಮಂಚದ ಅಂಚಿನಲ್ಲಿ ಲಾವ್ರ್‌ನ ಪಕ್ಕ ಅಂಗಾತ ಮಲಗಿದ. ದೇವದೂತನ ಒಂದು ರೆಕ್ಕೆ ಸೋರಿದ ನೀರಿಗೆ ಮಾಸಿತ್ತು. ಮುಖ ಹಳ್ಳಿಯ ಹುಡುಗಿಯದರಂತೆ ದುಂಡಗಿತ್ತು. ಅದರಾಚೆ ಕಡೆ ಕಂಡದ್ದು ಮಸಿ ಹಿಡಿದ ಚಾವಣಿ, ಅದರ ಒಂದೇ ಒಂದು ಬಿರುಕು.

"ಐದು ವರ್ಷ ಆ ಬಿರುಕು ನೋಡಿದೆ ನಿಫೊಂತಿಚ್," ಎಂದ ಲಾವ್ರ್, ದನಿ ತಗ್ಗಿಸಿ. "ಚರ್ಚಿನ ಮಾಡು ಸೋರ್ತಿತ್ತು. ದುರಸ್ತಿ ಮಾಡಿ ಅಂತ ಇಲಾಖೆಗೆ ಹೇಳಿ ಹೇಳಿ ಸಾಕಾಯ್ತು. ಅವರು ಮುಟ್ಟಲ್ಲ, ಮುಟ್ಟೋಕೆ ನಮಗೂ ಬಿಡಲ್ಲ. ನಾನೇ ಹತ್ತಿದೆ, ಜಾರಿದೆ. ಆಮೇಲೆ ಈ ಪೆಟ್ಟಿಗೆಯಂಥ ಕೋಣೆ. ಅಟ್ಟದ ಮೇಲಿರೋ ಪೆಟ್ಟಿಗೆಗಿಂತ ಮುಂಚೆ ಇದರಲ್ಲಿ ಇಟ್ಟರಲ್ಲ ನನ್ನ. ಸುಮ್ಮನೆ ಇದ್ದೆ. ನಾನು ಬಿದ್ದರೂ ಆಕಾಶ ಅಲ್ಲಿದೆ ಅನ್ನೋದೊಂದಿತ್ತು. ಅದನ್ನೂ ಒಯ್ತಾರೆ ಅಂದಾಗ, ಇನ್ನು ಸಾಕು ಅನ್ನಿಸ್ತು."

ಫಾಯಿನಾಳ ಹೇಳಿಕೆಯನ್ನು ಅಡುಗೆಮನೆಯ ಮೇಜಿನ ಮೇಲೆ ಬರೆದುಕೊಂಡರು. ಹಿಟ್ಟು ಪಕ್ಕದಲ್ಲೇ ಉಬ್ಬುತ್ತಿತ್ತು.

"ಒಬ್ಬರೇ ಹೇಗೆ ತೆಗೆದಿರಿ?"

"ಮಾಡು ಸರಿಮಾಡುವಾಗ ಏಣಿ ಹಿಡಿದವಳು ನಾನೇ. ಉಂಗುರಕ್ಕೆ ಕೆಳಗಿನಿಂದ ಕೋಲು ಕೊಟ್ಟರೆ ಹಲಗೆ ಸಡಿಲ ಆಗುತ್ತೆ."

"ಬದಲಿ ಹಲಗೆ ಯಾಕೆ?"

"ಇಲ್ಲದಿದ್ರೆ ಉಳಿದ ಹದಿನೈದೂ ಬೀಳ್ತವೆ! ಆಕಾಶ ಕೆಡವೋಕೆ ಹೋದವಳಾ ನಾನು?"

"ಅದೇ ಹಲಗೆ ಯಾಕೆ?"

ಅವಳು ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿದಳು. "ಅಳತೆ ಸರಿಹೋಯ್ತು," ಎಂದಳು. ಆಮೇಲೆ ಕಣ್ಣಲ್ಲಿ ನೀರು ತುಂಬಿತು. "ತಳ ಇಲ್ಲದ ಪೆಟ್ಟಿಗೇಲಿ ಯಾರನ್ನೂ ಹೂಳಲ್ಲ. ಅವನು ಹೋಗಬಾರದು ಅಂತ."

"ಮನೆಗೆ ಹೇಗೆ ತಂದಿರಿ?"

"ಜಾರುಗಾಡಿ ಮೇಲೆ ಹುಲ್ಲು ಮುಚ್ಚಿ. ಎಲ್ಲರೂ ಊಟದ ಮನೇಲಿದ್ರು."

"ಹೊರಡುವಾಗ ಬಾಗಿಲಿಗೆ ಕೋಲು ಯಾಕೆ ಇಟ್ಟಿರಿ?"

"ಯಾವ ಕೋಲು?"

"ಉಂಗುರಕ್ಕೆ ಕೊಟ್ಟ ಕೋಲು. ಹೊರಗಿನಿಂದ ಬಾಗಿಲಿಗೆ ಒರಗಿಸಿತ್ತು."

ಫಾಯಿನಾ ನಿಜಕ್ಕೂ ನೆನಪು ಮಾಡಿಕೊಳ್ಳಲು ನೋಡಿದಳು. ಅವಳಿಗೆ ನೆನಪಿರಲಿಲ್ಲ. "ಬಾಗಿಲು ಹಾಗೇ ತೆರೆದು ಬಿಟ್ಟು ಬರೋಕಾಗುತ್ತಾ?" ಎಂದಳು.

ಶೂಬಿನ್ ಎದ್ದು ಹೊರಗೆ ಹೋದ. ಸಿಗರೇಟು ಮುಗಿದು ದಿನಗಳಾಗಿದ್ದವು, ಸುಮ್ಮನೆ ಜಗಲಿಯ ಮೇಲೆ ನಿಂತ.

ಬಂಧನದ ಕಾಗದ ಬರೆಯುವಾಗ ಪೊರೋಖಿನ್‌ಗೆ ಕೈ ಓಡಲಿಲ್ಲ. ಕಲಮು ಬದಲಿಸುವ ಹಾಗಿಲ್ಲ. ಒಯ್ಯಲು ದಾರಿಯಿಲ್ಲ. ಕೊನೆಗೆ, ನದಿ ಬಿಡುವವರೆಗೆ ಆರೋಪಿ ಊರು ಬಿಟ್ಟು ಹೋಗತಕ್ಕದ್ದಲ್ಲ ಎಂದು ಮುಚ್ಚಳಿಕೆ ಬರೆದು ಮುಂದಿಟ್ಟ. ಅದನ್ನು ಓದಿ ಫಾಯಿನಾ ಒಂದೇ ಸಮನೆ ನಗತೊಡಗಿದಳು. ಪಂಚರಿಗೆ ಗಾಬರಿಯಾಯಿತು.

"ಐದು ವರ್ಷದಿಂದ ಬಾವಿ ಬಿಟ್ಟು ಆಚೆ ಹೋಗಿಲ್ಲ ನಾನು. ಎಲ್ಲಿ ರುಜು ಹಾಕ್ಬೇಕು?"

ಜಪ್ತಿಯಾದ ಹಲಗೆಯ ಪ್ರಶ್ನೆ ಉಳಿಯಿತು. ರೆಮೆಜೊವ್‌ನನ್ನು ಕರೆಸಿದರು. ಅವನು ಬಾಗಿಲಲ್ಲೇ ನಿಂತು ಮೇಲಿನ ದೇವದೂತನನ್ನೂ ಕೆಳಗಿನ ಮನುಷ್ಯನನ್ನೂ ನೋಡಿದ.

"ದೂರು ವಾಪಸ್ ತಗೋಬಹುದಾ?" ಎಂದು ಕೇಳಿದ, ಪಿಸುದನಿಯಲ್ಲಿ.

"ಇಲ್ಲ."

"ಹಾಗಾದ್ರೆ ಇದು..." ರೆಮೆಜೊವ್ ಜೇಬಿನಿಂದ ಪೆನ್ನು ತೆಗೆದ. "ಇದನ್ನ ಪದೇ ಪದೇ ಅಲುಗಾಡಿಸಬಾರದು. ಬಣ್ಣ ಉದುರುತ್ತೆ. ಒಣಗಿದ, ಬೆಚ್ಚಗಿನ ಜಾಗ ಬೇಕು. ಅಡ್ಡಡ್ಡ ಇರಬೇಕು. ಇಲಾಖೆ ಪರವಾಗಿ ಬರೆದುಕೊಡ್ತೀನಿ. ದೋಣಿ ಬರೋವರೆಗೆ ಇದು ಇಲ್ಲೇ ಇರೋದು ಕ್ಷೇಮ."

ಹಾಗೆಯೇ ಬರೆದರು. ದೇವದೂತ ಲಾವ್ರ್‌ನ ಮೇಲೆಯೇ ಉಳಿದ. ಆದರೆ ಅಂದಿನಿಂದ ಆ ಮನೆಯಲ್ಲಿ ಎಲ್ಲರ ಕಿವಿಯೂ ನದಿಯ ಕಡೆಗಿತ್ತು. ಊರಿಗೆ ಊರೇ ನದಿ ಒಡೆಯಲಿ ಎಂದು ಕಾಯುವಾಗ ಇವರು ಇವತ್ತು ಬೇಡ, ಇವತ್ತೊಂದು ದಿನ ಬೇಡ ಎನ್ನುತ್ತಿದ್ದರು. ಪೊರೋಖಿನ್ ಕೂಡ. ಲಾವ್ರ್ ದಿನದಿನಕ್ಕೆ ಊಟ ಕಡಿಮೆ ಮಾಡತೊಡಗಿದ. ಬಟ್ಟಲು ಅರ್ಧ ತುಂಬಿಯೇ ವಾಪಸು ಬಂತು. ಆಮೇಲೆ ಮುಟ್ಟದೆ ಬಂತು. ಫಾಯಿನಾ ಅದನ್ನು ಯಾರಿಗೂ ಕಾಣದ ಹಾಗೆ ಕೋಳಿಗೆ ಸುರಿದಳು. ಪೊರೋಖಿನ್ ಮಾತ್ರ ಅದನ್ನು ನೋಡಿದ.

ಅವನು ಕೋಣೆಗೆ ಹೋಗಿ ಮಂಚದ ಅಂಚಿನಲ್ಲಿ ಕೂತ.

"ಅಣ್ಣ, ಒಂದು ಮಾತು. ಈ ಕೇಸಿನಲ್ಲಿ ಮೊದಲನೇ ಸಾಕ್ಷಿ ನೀನು."

"ಅದರಿಂದೇನು?"

"ಅವಳು ಮಾರೋಕೆ ಕದ್ದಳಾ, ಯಾಕೆ ಕದ್ದಳು ಅಂತ ಕೋರ್ಟು ಕೇಳುತ್ತೆ. ನಾನು ಹೇಳಿದ್ರೆ ನಂಬಲ್ಲ. ಅವಳು ಹೇಳಿದ್ರೆ ಮೊದಲೇ ನಂಬಲ್ಲ. ನೀನು ಬರೋಕಾಗಲ್ಲ, ಜಡ್ಜೇ ಇಲ್ಲಿಗೆ ಬರಬೇಕು, ನಿನ್ನ ಬಾಯಿಂದ ಕೇಳಬೇಕು. ಅದು ಬೇಸಿಗೆ ಆಗಬಹುದು, ಮುಂದಿನ ಚಳಿಗಾಲ ಆಗಬಹುದು. ಅಷ್ಟರಲ್ಲಿ ನೀನು ಹೊರಟುಹೋದ್ರೆ ನಿನ್ನ ಹೆಂಡತಿ ಬರೀ ಕಳ್ಳಿ. ಒಳಗೆ ಹೋಗ್ತಾಳೆ. ಇದಕ್ಕಿಂತ ಸಣ್ಣ ಕೋಣೆಗೆ."

ಲಾವ್ರ್ ದೇವದೂತನನ್ನೇ ದಿಟ್ಟಿಸಿದ.

"ದುಷ್ಟ ಕಣೋ ನೀನು, ನಿಫೊಂತಿಚ್," ಎಂದ ಕೊನೆಗೆ.

"ಹೂಂ."

"ಆಚೆ ಹೋಗು. ನಿದ್ದೆ ಮಾಡ್ತೀನಿ."

ಮೇ ಮೂರರಂದು ನದಿ ಬಿಟ್ಟಿತು. ದೊಡ್ಡ ಸದ್ದಿನೊಂದಿಗೆ ಗಡ್ಡೆ ಸೀಳಿ, ಹಗಲೆಲ್ಲ ಒಂದರ ಮೇಲೊಂದು ಹತ್ತಿಕೊಂಡು ಹರಿಯಿತು. ವಾರದೊಳಗೆ ಇಲಾಖೆಯ ದೋಣಿ ಬಂತು. ಚರ್ಚಿನ ಹದಿನೈದು ಹಲಗೆಗಳೂ ಉಂಗುರವೂ ಇಳಿದವು. ಲಾವ್ರ್‌ನ ಪೆಟ್ಟಿಗೆಯ ತಳವನ್ನೂ ಪೊರೋಖಿನ್ ಸಾಕ್ಷ್ಯವೆಂದು ಮುದ್ರೆ ಹಾಕಿ ದೋಣಿಗೇರಿಸಿದ. ಕೊನೆಗೆ ನೀಲಿ ದೇವದೂತನ ಸರದಿ. ಫಾಯಿನಾ ತಾನೇ ಹಗ್ಗ ಬಿಚ್ಚಿ, ಮನೆಯ ಹೊದಿಕೆಯಲ್ಲಿ ಸುತ್ತಿ ಕೊಟ್ಟಳು. ಕೋಣೆಯಲ್ಲಿ ಮತ್ತೆ ಮಸಿ ಹಿಡಿದ ಚಾವಣಿ, ಬಿರುಕು, ಖಾಲಿ ಬಳೆ.

ಫಾಯಿನಾಳನ್ನು ಜಿಲ್ಲೆಯ ಕೋರ್ಟಿಗೆ ಹಾಜರುಪಡಿಸಬೇಕಿತ್ತು. ಲುಕೇರ್ಯಾ ತನ್ನ ಗಂಟುಮೂಟೆ ಸಮೇತ ಬಂದು ಒಲೆಯ ಪಕ್ಕ ಬಿಡಾರ ಹೂಡಿದ್ದಳು. ಹೊರಡುವ ಮೊದಲು ಪೊರೋಖಿನ್ ಕೋಣೆಗೆ ಇಣುಕಿದ.

"ನಿನ್ನ ಹಲಗೆ ಒಯ್ತಿದ್ದೀನಿ ಅಣ್ಣ. ಕೇಸು ಮುಗಿದ ಮೇಲೆ ನಿನಗೇ ವಾಪಸ್ ಬರಬೇಕಾದ ಸ್ವತ್ತು ಅದು."

"ಎಷ್ಟು ದಿನ ಹಿಡಿಯುತ್ತೆ?"

"ಕೋರ್ಟು ಅಲ್ವಾ. ವರ್ಷಾನುಗಟ್ಟಲೆ ಹಿಡಿಯಬಹುದು."

"ಹಿಡೀಲಿ ಬಿಡು," ಎಂದ ಲಾವ್ರ್. "ನನಗೇನು ಅವಸರ."

ಫಾಯಿನಾ ತಲೆಗೆ ವಸ್ತ್ರ ಕಟ್ಟಿಕೊಂಡು ಹೊರಗೆ ಬಂದು ಬಾಗಿಲು ಎಳೆದಳು. ಅವಳ ಕೈ ತಾನಾಗಿಯೇ ಗೋಡೆಯ ಬದಿಯ ಕೋಲಿಗೆ ಹೋಯಿತು. ಅದನ್ನು ಎತ್ತಿ ಬಾಗಿಲಿಗೆ ಒರಗಿಸಲು ಹೋದವಳು ಹಾಗೇ ನಿಂತಳು. ಒಳಗಿನಿಂದ ಲಾವ್ರ್ ಕೂಗುತ್ತಿದ್ದ, ಅಣಬೆಯ ಭರಣಿ ಎಲ್ಲಿಟ್ಟಿದ್ದೀಯೇ, ಈ ಮುದುಕಿಗೆ ಸಿಗ್ತಿಲ್ಲ ಎಂದು.

"ನೆಲಮಾಳಿಗೆಯಲ್ಲಿ, ಎಡಗಡೆ!" ಎಂದು ಕೂಗಿ ಹೇಳಿ ಅವಳು ಕೋಲನ್ನು ಮತ್ತೆ ಗೋಡೆಗೆ ಒರಗಿಸಿ ಇಟ್ಟಳು. ಆಮೇಲೆ ಪೊಲೀಸರ ಜೊತೆ ದೋಣಿಯ ಕಡೆ ನಡೆದಳು.